ಬಸ್ ಸ್ಟ್ಯಾಂಡಿಗೆ ಮುಖ ಮಾಡಿದ ಹಾರ್ನ್

ಏಡ್ಸ್ ಬಗ್ಗೆ ಊರೂರು ತಿರುಗಿ ತಿಳಿಸುವ ಕೆಲಸಕ್ಕೆ ನಾನು ಸೇರಿದ್ದು ದೊಡ್ಡ ಸೇವಾಭಾವದಿಂದೇನೂ ಅಲ್ಲ. ನನ್ನ ಹತ್ತಿರ ಮೈಕ್ ಇತ್ತು, ಅಷ್ಟೆ. ಕೊಪ್ಪದ ಪೇಟೆಯಲ್ಲಿ ರೇಡಿಯೋ ರಿಪೇರಿಯ ಸಣ್ಣ ಅಂಗಡಿ ಇಟ್ಟುಕೊಂಡಿದ್ದೆ. ಮದುವೆ, ಉರುಸು, ಗಣಪತಿ, ಚುನಾವಣೆ, ಯಾವುದಕ್ಕಾದರೂ ಸರಿ, ಕರೆದವರ ಮನೆಗೆ ಆಂಪ್ಲಿಫೈಯರ್ ಹೊತ್ತುಕೊಂಡು ಹೋಗಿ ಲೌಡ್ ಸ್ಪೀಕರಿನ ಹಾರ್ನ್ ಕಟ್ಟಿ ಬರುತ್ತಿದ್ದೆ. ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಒಂದು ದಿನ ಬಾಳಗಡಿಯ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಮೇಷ್ಟ್ರೊಬ್ಬರು ಅಂಗಡಿಗೆ ಬಂದು, ಹೊಸದೊಂದು ಕಾಯಿಲೆ ಬಂದಿದೆ, ಜನಕ್ಕೆ ಅದರ ಹೆಸರೇ ಗೊತ್ತಿಲ್ಲ, ಹೆಸರು ಗೊತ್ತಿದ್ದವರಿಗೆ ಭಯ ಬಿಟ್ಟು ಬೇರೇನೂ ಗೊತ್ತಿಲ್ಲ, ನಾವು ನಾಲ್ಕು ಜನ ಸೇರಿ ಹೇಳೋಣ ಎಂದರು. ಎದುರಿಗಿದ್ದವನು ಮಾತ್ರ ಈ ಲೋಕದಲ್ಲಿರುವ ಮನುಷ್ಯ ಎಂಬ ಹಾಗೆ ಕಣ್ಣಿಟ್ಟು ಮಾತಾಡುವ ಅಭ್ಯಾಸ ಅವರಿಗೆ. ನಾನು ಕರಗಿಹೋದೆ.

ಅವರ ಮೇಲೆ ನನಗೆ ಎಷ್ಟು ಗೌರವವಿತ್ತು ಎಂದರೆ, ಅಂಗಡಿಗೆ ಬಂದರೆ ಸ್ಟೂಲನ್ನು ಒರೆಸದೆ ಅವರನ್ನು ಕೂರಿಸುತ್ತಿರಲಿಲ್ಲ. ಹತ್ತನೇ ತರಗತಿ ದಾಟದವನಿಗೆ ಇಂಥವರ ಪಕ್ಕದಲ್ಲಿ ಜೀಪಿನಲ್ಲಿ ಕೂರುವುದೇ ಒಂದು ಡಿಗ್ರಿ. ಇವತ್ತಿಗೂ ಅವರನ್ನು ಬಹುವಚನದಲ್ಲೇ ಬರೆಯುತ್ತಿದ್ದೇನೆ. ಕೈಗೆ ಅಭ್ಯಾಸವಾಗಿದೆ; ಮನಸ್ಸು ಯಾವತ್ತೋ ಏಕವಚನಕ್ಕೆ ಇಳಿದಿದೆ.

ವಾರಕ್ಕೊಂದು ಊರಿನಂತೆ ತಿರುಗಿದೆವು. ಶೃಂಗೇರಿಯ ಪೇಟೆ ಬೀದಿ, ಹರಿಹರಪುರದ ಬಸ್ ನಿಲ್ಲುವ ಜಾಗ, ನರಸಿಂಹರಾಜಪುರದ ಸಂತೆ. ಮೇಷ್ಟ್ರು ಮಾತಾಡುತ್ತಿದ್ದರು, ಸರಕಾರಿ ಆಸ್ಪತ್ರೆಯಲ್ಲಿದ್ದು ರಿಟೈರಾದ ಒಬ್ಬ ನರ್ಸಮ್ಮ ಚಾರ್ಟು ಹಿಡಿದು ತೋರಿಸುತ್ತಿದ್ದರು, ನಾನು ಮೈಕ್ ನೋಡಿಕೊಳ್ಳುತ್ತಿದ್ದೆ. ಜನ ಕೇಳುತ್ತಿದ್ದ ಪ್ರಶ್ನೆಗಳೋ, ಒಂದಕ್ಕಿಂತ ಒಂದು ಚಂದ. "ಸೊಳ್ಳೆ ಕಚ್ಚಿದ್ರೆ ಬತ್ತದಾ?" "ಕ್ಷೌರದ ಅಂಗಡಿ ಮುಚ್ಚಿಸ್ಬೇಕಾ ಹಂಗಾದ್ರೆ?" ಸಂತೆಯಲ್ಲಿ ಒಬ್ಬ ಮೆಣಸಿನಕಾಯಿ ವ್ಯಾಪಾರಿ ನರ್ಸಮ್ಮನ ಚಾರ್ಟನ್ನು ತಲೆ ಓರೆ ಮಾಡಿ ನೋಡಿ, "ಇದು ಬೊಂಬಾಯಿ ಕಾಯ್ಲೆ ಮಾರಾಯ್ರೆ, ಘಾಟಿ ಹತ್ತಿ ಇಲ್ಲಿಗೆ ಎಂತಕ್ಕೆ ಬತ್ತದೆ?" ಎಂದ. ಸುತ್ತಲಿದ್ದವರೆಲ್ಲ ನಕ್ಕರು. ಮೇಷ್ಟ್ರ ಮುಖ ಸಣ್ಣಗಾಯಿತು. ವಾಪಸು ಬರುವಾಗ ಜೀಪಿನಲ್ಲಿ ಅವರು ಹೇಳಿದ್ದು ನನಗೆ ಸರಿಯಾಗಿ ನೆನಪಿದೆ: "ನಮ್ಮೂರಿನವನೇ ಒಬ್ಬ ಬಾಯ್ಬಿಟ್ಟು ಹೇಳೋವರೆಗೆ ಇವ್ರು ನಂಬಲ್ಲ." ನಾನು ಹೌದು ಹೌದು ಎಂದು ತಲೆಯಾಡಿಸಿದೆ. ಅವರು ಏನು ಹೇಳಿದರೂ ಹಾಗೆ ಆಡಿಸುತ್ತಿದ್ದೆ.

ಆಮೇಲೆ ಒಂದು ಮಧ್ಯಾಹ್ನ ಬಸ್ ಏಜೆಂಟ್ ನನ್ನ ಅಂಗಡಿಗೆ ಬಂದ.

ಅವನ ಬಗ್ಗೆ ಸ್ವಲ್ಪ ಹೇಳಬೇಕು. ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳಿಗೆ ಜನರನ್ನು ಕೂಗಿ ಹತ್ತಿಸುವವನು ಅವನು. ಪೇಟೆಯ ಮುಸ್ಲಿಂ ಮನೆತನದವನು, ಮೊದಲು ಲಾರಿಯಲ್ಲಿದ್ದು ಆಮೇಲೆ ಈ ಕೆಲಸಕ್ಕೆ ಬಂದವನು. ಪ್ರತಿ ಬಸ್ಸಿಗೂ ಅವನದು ಎರಡು ಕೂಗು. ಮೊದಲನೆಯದು ಬಸ್ ಬಂದಿದೆ ಎಂದು ತಿಳಿಸುವುದಕ್ಕೆ. ಎರಡನೆಯದು ಡ್ರೈವರ್ ಸೀಟಿಗೆ ಹತ್ತಿದ ಮೇಲೆ. ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಹಿಡಿದು ನಿಂತವರು, ಬಟ್ಟೆ ಅಂಗಡಿಯಲ್ಲಿ ಸೀರೆ ಆರಿಸುತ್ತಿದ್ದವರು, ಹೋಟೆಲಿನಲ್ಲಿ ದೋಸೆಗೆ ಕಾಯುತ್ತಿದ್ದವರು ಮೊದಲ ಕೂಗಿಗೆ ಅಲುಗಾಡುತ್ತಿರಲಿಲ್ಲ, ಎರಡನೇ ಕೂಗಿಗೆ ಬಿಟ್ಟದ್ದು ಬಿಟ್ಟ ಹಾಗೆ ಎದ್ದು ಓಡುತ್ತಿದ್ದರು. "ಹರಿಹರಪುರಾ, ಶೃಂಗೇರೀ" ಎಂದು ಕೊನೆಯ ಅಕ್ಷರವನ್ನು ಎಳೆದು, ಎಳೆತದ ತುದಿಯಲ್ಲಿ ಸ್ವಲ್ಪ ಮೇಲಕ್ಕೆ ಎತ್ತಿ ನಿಲ್ಲಿಸುತ್ತಿದ್ದ. ನನ್ನ ಮೈಕಿನ ಅವಶ್ಯಕತೆಯೇ ಇಲ್ಲದ ಒಬ್ಬನೇ ಮನುಷ್ಯ ಎಂದು ನಾನು ಅವನನ್ನು ತಮಾಷೆ ಮಾಡುತ್ತಿದ್ದೆ.

ಅವತ್ತು ಟ್ರಾನ್ಸಿಸ್ಟರ್ ತಂದಿದ್ದ. ಬಿಚ್ಚಿ ನೋಡಿದರೆ ಅದಕ್ಕೆ ಏನೂ ಆಗಿರಲಿಲ್ಲ. ಅಂಗಡಿಯಲ್ಲಿ ಬೇರೆ ಯಾರೂ ಇಲ್ಲ ಎಂದು ಎರಡು ಸಲ ಹಿಂದೆ ತಿರುಗಿ ನೋಡಿ ಕೇಳಿದ:

"ನೀವು ಮೊನ್ನೆ ಮೈಕಲ್ಲಿ ಹೇಳಿದ್ರಲ್ಲ, ಆ ಕಾಯ್ಲೆ ಇದ್ದವ್ರ ಜೊತೆ ಕೂತು ಉಂಡ್ರೆ ಎಂತದೂ ಆಗಲ್ಲ ಅಂತ. ಅದು ನಿಜವಾ, ಇಲ್ಲ ಸುಮ್ನೆ ಸಮಾಧಾನಕ್ಕೆ ಹೇಳೋದಾ?"

"ನಿಜ ಮಾರಾಯ. ಡಾಕ್ಟ್ರೇ ಹೇಳಿದ್ದು. ಮುಟ್ಟಿದ್ರೆ, ಜೊತೆಗೆ ಉಂಡ್ರೆ ಬರಲ್ಲ."

ಅವನು ಆ ಟ್ರಾನ್ಸಿಸ್ಟರನ್ನು ಎತ್ತಿಕೊಂಡು ಮಗುಚಿ ನೋಡುತ್ತಾ ಕೂತ. ಆಮೇಲೆ ಹೇಳಿದ. ತಂಗಿಯ ಆಪರೇಷನ್ನಿಗೆ ರಕ್ತ ಕೊಡಲು ದೊಡ್ಡ ಊರಿನ ಆಸ್ಪತ್ರೆಗೆ ಹೋಗಿದ್ದನಂತೆ. ಅಲ್ಲಿನ ಡಾಕ್ಟರ್ ಪರೀಕ್ಷೆ ಮಾಡಿಸಿ, ಒಳಗೆ ಕರೆದು, ಬಾಗಿಲು ಹಾಕಿಕೊಂಡು ವಿಷಯ ಹೇಳಿ ಕಳಿಸಿದ್ದರಂತೆ. ಅವತ್ತಿನಿಂದ ಮನೆಯಲ್ಲಿ ಅವನ ತಟ್ಟೆ ಬೇರೆ, ಲೋಟ ಬೇರೆ, ಚಾಪೆ ಬೇರೆ. ಬೇರೆ ಮಾಡಿದವರು ಯಾರೂ ಅಲ್ಲ, ಅವನೇ. ಮೂರು ವರ್ಷದ ಮಗಳು ಅಪ್ಪನ ತಟ್ಟೆಗೆ ಕೈ ಹಾಕಲು ಬಂದರೆ ಗದರಿಸಿ ಓಡಿಸುತ್ತಿದ್ದನಂತೆ. ಎಷ್ಟೋ ತಿಂಗಳು. ಹೇಳುತ್ತಾ ಹೇಳುತ್ತಾ ಅವನ ಧ್ವನಿ ಅಂಗಡಿಯ ಬಾಗಿಲಿಗೂ ಕೇಳದಷ್ಟು ಇಳಿಯಿತು. ಇಡೀ ಪೇಟೆಗೆ ಕೇಳುವ ಗಂಟಲು.

ಕಾಯಿಲೆ ಹೇಗೆ ಬಂತು ಎಂದು ನಾನು ಕೇಳಲಿಲ್ಲ. ನನ್ನ ಬಗ್ಗೆ ಹೇಳಿಕೊಳ್ಳಲು ಇರುವ ಒಂದೇ ಒಳ್ಳೆಯ ಮಾತು ಇದು, ಅದಕ್ಕೇ ಬರೆದಿದ್ದೇನೆ.

ನಾಲ್ಕು ದಿನ ಬಿಟ್ಟು ಮತ್ತೆ ಬಂದ. ಮುಖವೇ ಬೇರೆಯಾಗಿತ್ತು. "ನಿನ್ನೆ ಮಗಳನ್ನ ತೊಡೆ ಮೇಲೆ ಕೂರಿಸ್ಕೊಂಡು ಉಂಡೆ ಮಾರಾಯ್ರೆ. ಅರ್ಧ ಅನ್ನ ಅವಳೇ ಚೆಲ್ಲಿದ್ಲು," ಎಂದು ನಕ್ಕ. ನಗು ನಿಂತ ಮೇಲೆ, ತನ್ನ ಹಾಗೆಯೇ ತಟ್ಟೆ ಬೇರೆ ಇಟ್ಟುಕೊಂಡು ಕೂತಿರುವವರು ಎಲ್ಲೆಲ್ಲಿ ಎಷ್ಟು ಜನವೋ, ಅವರಿಗೆ ಯಾರಾದರೂ ಹೇಳಬೇಡವೇ ಎಂದು ಅವನೇ ಕೇಳಿದ. ನಾನು ಮೇಷ್ಟ್ರಿಗೆ ತಿಳಿಸಿದೆ. ಮೇಷ್ಟ್ರು ಅವನ ಎರಡೂ ಕೈ ಹಿಡಿದುಕೊಂಡು, ಹೆಸರು ಬೇಡ, ಮುಖ ಬೇಡ, ಕ್ಯಾಸೆಟ್ಟಿನಲ್ಲಿ ಮಾತಾಡಿದರೆ ಸಾಕು ಎಂದರು. "ನೀವು ಯಾರು ಅಂತ ಇಲ್ಲಿರೋ ಮೂರು ಜನ ಬಿಟ್ಟು ನಾಲ್ಕನೇ ಜೀವಕ್ಕೆ ಗೊತ್ತಾಗಲ್ಲ. ನನ್ನ ಮಾತು," ಎಂದರು. ಅವನು ನನ್ನ ಮುಖ ನೋಡಿದ. ನಾನು, "ನಾನಿದ್ದೀನಿ," ಎಂದೆ.

ಅಂಗಡಿಯ ಶಟರ್ ಎಳೆದು ರೆಕಾರ್ಡ್ ಮಾಡಿದೆವು. ನಮ್ಮ ಬುದ್ಧಿವಂತಿಕೆಯನ್ನು ಏನೆಂದು ಹೇಳಲಿ! ಯಾರಿಗೂ ಗೊತ್ತಾಗಬಾರದೆಂದು ಅವನನ್ನು ಹಿಂಬಾಗಿಲಿನಿಂದ ಕರೆಸಿದೆವು, ಮುಖಕ್ಕೆ ಟವೆಲ್ ಸುತ್ತಿಸಿದೆವು. ಮೂರು ತಾಲ್ಲೂಕಿನ ಜನ ಆ ಗಂಟಲನ್ನು ಕೇಳಿ ಬಸ್ ಹತ್ತುತ್ತಾರೆ ಎಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹಗಲಿಡೀ ಶಬ್ದದ ಜೊತೆ ಗುದ್ದಾಡುವ ನನಗೇ ಹೊಳೆಯಲಿಲ್ಲ. ಟೇಪ್ ಹಾಕಿ ಕೇಳಿದಾಗಲೇ ಹೊಳೆದದ್ದು. ನನ್ನ ಟೇಪ್ ರೆಕಾರ್ಡರಿನ ಮೋಟಾರಿನ ಸಣ್ಣ ಸ್ಕ್ರೂ ತಿರುಗಿಸಿ ವೇಗ ಇಳಿಸಿದೆ. ಧ್ವನಿ ದಪ್ಪಗಾಯಿತು, ಗುರುತು ಸಿಗಲಿಕ್ಕಿಲ್ಲ ಅನ್ನಿಸಿತು. ಆದರೂ ಮನೆಗೆ ಒಯ್ದು, ಒಲೆ ಮುಂದೆ ಕೂತಿದ್ದ ನನ್ನ ಅಮ್ಮನಿಗೆ ಎರಡೇ ಸಾಲು ಕೇಳಿಸಿದೆ. ಕಾಯಿಲೆಯ ಮಾತು ಬರದ ಸಾಲುಗಳು.

ಅಮ್ಮ ತಲೆ ಎತ್ತದೆ ಹೇಳಿದಳು, "ಬಸ್ಸಿನ ಏಜೆಂಟಂಗೆ ಎಂತ ಆಗಿದೆ ಮಾರಾಯ? ಶೀತವಾ?"

ದಪ್ಪ ಮಾಡಿದರೇನು, ತೆಳ್ಳಗೆ ಮಾಡಿದರೇನು, ಸಾಲಿನ ಕೊನೆ ಎಳೆದು ಮೇಲೆ ಎತ್ತುವುದು ಹಾಗೇ ಉಳಿದಿತ್ತು. ಮರುದಿನ ಬೆಳಿಗ್ಗೆಯೇ ಬಾಳಗಡಿಗೆ ಸೈಕಲ್ ತುಳಿದುಕೊಂಡು ಹೋಗಿ ಮೇಷ್ಟ್ರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಈ ಕ್ಯಾಸೆಟ್ಟನ್ನು ಎಲ್ಲೂ ಹಾಕಬಾರದು ಎಂದೆ. ಅವರು ತಕ್ಷಣ ಒಪ್ಪಿದರು. ಮಾತನ್ನು ಬರೆದುಕೊಂಡು ಕಾಲೇಜಿನ ಹುಡುಗನೊಬ್ಬನ ಕೈಯಲ್ಲಿ ಓದಿಸುತ್ತೇನೆ, ಬರೆದುಕೊಳ್ಳಲು ಕ್ಯಾಸೆಟ್ ಕೊಟ್ಟು ಹೋಗಿ ಎಂದರು. ಕೊಟ್ಟೆ. ಏಜೆಂಟನಿಗೂ ಹಾಗೇ ತಿಳಿಸಿದೆ. "ಹಂಗಾದ್ರೆ ಒಳ್ಳೇದೇ ಆಯ್ತು. ನನ್ನ ಮಾತು ಹೋದ್ರೆ ಸಾಕು," ಎಂದ.

ಕೊಪ್ಪದಲ್ಲೇ ದೊಡ್ಡ ಕಾರ್ಯಕ್ರಮ ಇಟ್ಟ ದಿನ ಜಿಲ್ಲೆಯಿಂದ ಅಧಿಕಾರಿಯೊಬ್ಬರು ಬಂದಿದ್ದರು. ಮಧ್ಯಾಹ್ನ ಮೂರು ಗಂಟೆ, ಮೈದಾನದಲ್ಲಿ ಶಾಮಿಯಾನ. ನಾನು ಬೆಳಿಗ್ಗೆಯಿಂದ ನಾಲ್ಕು ಹಾರ್ನ್ ಕಟ್ಟಿದ್ದೆ. ಮೂರು ಮೈದಾನದ ಕಡೆಗೆ. ನಾಲ್ಕನೆಯದನ್ನು ಬಸ್ ಸ್ಟ್ಯಾಂಡಿನ ಕಂಬಕ್ಕೆ ಕಟ್ಟಿ, ಜನ ಇರುವ ಕಡೆ ಮಾತು ಹೋಗಲಿ ಎಂದು ಸ್ಟ್ಯಾಂಡಿಗೇ ಮುಖ ಮಾಡಿದ್ದೆ. ಅಧಿಕಾರಿ ಮಾತಾಡಿದರು, ನರ್ಸಮ್ಮ ಮಾತಾಡಿದರು. ಆಮೇಲೆ ಮೇಷ್ಟ್ರು ನನ್ನ ಹತ್ತಿರ ಬಗ್ಗಿ, "ಸ್ಟ್ಯಾಂಡಿನ ಕಡೆ ಹಾರ್ನ್ ಕೇಳಿಸ್ತಾ ಇಲ್ವಂತೆ, ಒಂಚೂರು ನೋಡ್ಕೊಂಡು ಬನ್ನಿ. ಇಲ್ಲಿ ನಾನು ನೋಡ್ಕೋತೀನಿ," ಎಂದರು.

ಹೋಗಿ ನೋಡಿದರೆ ವೈರ್ ನಿಜವಾಗಿಯೂ ಬಿಚ್ಚಿಕೊಂಡಿತ್ತು. ಈ ಒಂದು ವಿಷಯದಲ್ಲಿ ಅವರು ಸುಳ್ಳು ಹೇಳಿರಲಿಲ್ಲ. ಏಣಿ ಹಾಕಿ ಹತ್ತಿದೆ. ಕೆಳಗೆ ಶೃಂಗೇರಿಗೆ ಹೊರಟ ಬಸ್ ಗುರುಗುಟ್ಟುತ್ತಾ ನಿಂತಿತ್ತು, ಏಜೆಂಟ್ ಎರಡನೇ ಕೂಗು ಶುರು ಮಾಡಿದ್ದ. ನನ್ನನ್ನು ನೋಡಿ, ಬೀಳ್ಬೇಡಿ ಎಂದು ಕೈ ಸನ್ನೆ ಮಾಡಿದ. ನಾನು ಎರಡು ವೈರಿನ ತುದಿ ಕೂಡಿಸಿ ತಿರುಚಿದೆ.

ಹಾರ್ನಿನಿಂದ ಅವನೇ ಮಾತಾಡಿದ.

"ನಾನು ನಿಮ್ಮೂರಿನವನೇ. ದಿನಾ ನೀವು ನನ್ನ ನೋಡ್ತೀರಿ. ನನಗೆ ಆ ಕಾಯ್ಲೆ ಇದೆ..."

ಸ್ಪೀಡ್ ಇಳಿಸಿದ್ದೂ ಇಲ್ಲ, ಏನೂ ಇಲ್ಲ. ಅವರ ಟೇಪ್ ರೆಕಾರ್ಡರಿನಲ್ಲಿ ಹಾಕಿದ್ದರಿಂದ ಅಪ್ಪಟ ಅವನದೇ ಧ್ವನಿ. ಕೆಳಗೆ "ಹರಿಹರಪುರಾ" ಎಂದು ಎಳೆಯುತ್ತಿದ್ದವನ ಬಾಯಿ ಅಲ್ಲೇ ನಿಂತಿತು. ಬಸ್ಸಿನ ಕಿಟಕಿಯಲ್ಲಿದ್ದವರು ಮೊದಲು ಹಾರ್ನ್ ನೋಡಿದರು, ಆಮೇಲೆ ಅವನನ್ನು ನೋಡಿದರು. ಟೀ ಹೋಟೆಲಿನಿಂದ ಇಬ್ಬರು ಹೊರಗೆ ಬಂದರು. ಬುಟ್ಟಿ ಹೊತ್ತ ಹೆಂಗಸೊಬ್ಬಳು ಅವನ ಪಕ್ಕದಲ್ಲಿ ನಿಂತಿದ್ದಳು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. ಅವನು ತಲೆ ಎತ್ತಿ ನನ್ನನ್ನು ನೋಡಿದ. ನಾನು ಏಣಿಯ ಮೇಲೆ, ವೈರ್ ನನ್ನ ಕೈಯಲ್ಲಿ.

ಕಿತ್ತು ಹಾಕಬಹುದಿತ್ತು. ಕಿತ್ತೆ ಕೂಡಾ, ಆದರೆ ಎಷ್ಟು ಹೊತ್ತಿನ ಮೇಲೆ! ಮಗಳು ತಟ್ಟೆಗೆ ಕೈ ಹಾಕಿದ ಮಾತು ಬರುವವರೆಗೂ ನನ್ನ ಕೈ ನನ್ನ ಮಾತು ಕೇಳಲಿಲ್ಲ. ಆಮೇಲೂ ಮೈದಾನದ ಮೂರು ಹಾರ್ನ್ ಗಾಳಿಯಲ್ಲಿ ಅದೇ ಮಾತು ಮುಂದುವರಿಸಿದವು. ನಾನು ಏಣಿ ಬಿಟ್ಟು ಓಡಿದೆ. ವೇದಿಕೆಯ ಹತ್ತಿರ ಬಂದರೆ ಮೇಷ್ಟ್ರು ಟೇಪ್ ರೆಕಾರ್ಡರಿನ ಪಕ್ಕ ನಿಂತು ನನಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು. ಅಧಿಕಾರಿ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು.

ಮುಗಿದ ಮೇಲೆ ಶಾಮಿಯಾನದ ಹಿಂದೆ ನಾನು ಅವರ ಅಂಗಿ ಹಿಡಿದೆ. ಜೀವನದಲ್ಲಿ ಓದಿದವರೊಬ್ಬರ ಅಂಗಿ ಹಿಡಿದದ್ದು ಅದೇ ಮೊದಲು. ಅವರಿಗೆ ಸಿಟ್ಟೇ ಬರಲಿಲ್ಲ. ಪಾಠ ಹೇಳುವ ಸ್ವರದಲ್ಲೇ ಹೇಳಿದರು: "ಓದೋ ಹುಡುಗ ಕೈಕೊಟ್ಟ. ನಾನೇ ಓದಿ ನೋಡ್ದೆ, ಜೀವ ಇಲ್ಲ ಅದರಲ್ಲಿ. ನೀವೇ ನೋಡಿದ್ರಲ್ಲ, ಒಬ್ರಾದ್ರೂ ಎದ್ದು ಹೋದ್ರಾ? ನಾವು ಇಷ್ಟು ದಿನ ತಿರುಗಿ ಮಾಡಕ್ಕಾಗದೇ ಇದ್ದಿದ್ದು ಐದು ನಿಮಿಷದಲ್ಲಿ ಆಯ್ತು. ಅಷ್ಟಕ್ಕೂ ಅವನ ಹೆಸರು ಎಲ್ಲಿ ಹೇಳಿದ್ವಿ?"

ಹೆಸರು ಎಲ್ಲಿ ಹೇಳಿದೆವು! ನಂಬಿಸಿ ಕತ್ತು ಕುಯ್ದವರು ಕೊನೆಗೆ ಕತ್ತಿಯನ್ನೂ ಒರೆಸಿ ತೋರಿಸುತ್ತಾರೆ ಎಂದು ಅವತ್ತು ಗೊತ್ತಾಯಿತು. ಕ್ಯಾಸೆಟ್ ಕಿತ್ತುಕೊಂಡು, ರೀಲು ಎಳೆದು ಎಳೆದು ಅಲ್ಲೇ ಚೆಲ್ಲಿದೆ. ಅದರಿಂದ ಯಾರಿಗೆ ಏನು ಉಪಯೋಗವಾಯಿತೋ ಕಾಣೆ.

ಮರುದಿನದಿಂದ ನಡೆದದ್ದನ್ನು ಉದ್ದಕ್ಕೆ ಬರೆಯುವ ಅಗತ್ಯವಿಲ್ಲ. ಟೀ ಹೋಟೆಲಿನವನು ಅವನಿಗೆ ಗಾಜಿನ ಲೋಟದ ಬದಲು ಬಾಳೆಲೆಯ ದೊನ್ನೆಯಲ್ಲಿ ಟೀ ಕೊಡಲು ಬಂದ. ಸುಡುವ ಟೀಯನ್ನು ದೊನ್ನೆಯಲ್ಲಿ ಹಿಡಿದು ಕುಡಿಯಲಾಗುತ್ತದೆಯೇ? ಜನ ಅವನ ಕೂಗು ಕೇಳಿ ಬಸ್ ಹತ್ತಲು ಹೆದರಿದರು, ಕೂಗಿನಲ್ಲೇ ಕಾಯಿಲೆ ಬರುತ್ತದೇನೋ ಎಂಬಂತೆ. ಮೂರನೇ ದಿನ ಬಸ್ ಮಾಲೀಕರು ಸ್ವಲ್ಪ ದಿನ ಮನೆಯಲ್ಲಿರು ಎಂದರು. ಮನೆಯವರು ಅವನ ಹೆಂಡತಿಯನ್ನೂ ಮಗುವನ್ನೂ ತವರಿಗೆ ಕಳಿಸುವ ಮಾತು ಎತ್ತಿದರು. ಕೆಲಸ ಉಳಿದರೆ ಅವರಿಬ್ಬರೂ ಅವನ ಜೊತೆ ಇಲ್ಲೇ ನಿಲ್ಲಬಹುದು, ಇಲ್ಲದಿದ್ದರೆ ಮಗಳನ್ನೂ ಕಳೆದುಕೊಳ್ಳುತ್ತಾನೆ. ಮಾಲೀಕರನ್ನು ಒಪ್ಪಿಸುವುದೊಂದೇ ಅವನಿಗೆ ಉಳಿದಿದ್ದ ದಾರಿ.

ನಾನು ಅವನ ಮನೆಗೆ ಹೋದೆ. ಬೈಯುತ್ತಾನೆ, ಹೊಡೆಯುತ್ತಾನೆ ಎಂದುಕೊಂಡು ಹೋದೆ. ಹೊಡೆದಿದ್ದರೆ ಹಗುರವಾಗುತ್ತಿತ್ತು. ನಡೆದದ್ದೆಲ್ಲ ಹೇಳಿದೆ. ಪೂರ್ತಿ ಕೇಳಿದ.

"ನೀವು ಮಾಡಿದ್ದಲ್ಲ ಅಂತ ಗೊತ್ತು ಬಿಡಿ. ಏಣಿ ಮೇಲೆ ನಿಮ್ಮ ಮುಖ ನೋಡಿದ್ನಲ್ಲ," ಎಂದ. ಆಮೇಲೆ ಒಂದೇ ಒಂದು ಕೇಳಿಕೊಂಡ. "ಮಾಲೀಕ್ರ ಹತ್ರ ನನ್ನ ಜೊತೆ ಬನ್ನಿ. ನಾನು ಕದ್ದು ಮುಚ್ಚಿ ಇಟ್ಟಿದ್ದಲ್ಲ, ಜನಕ್ಕೆ ಒಳ್ಳೇದಾಗ್ಲಿ ಅಂತ ನಾನಾಗೇ ಹೇಳಿದ್ದು ಅಂತ ನೀವು ಒಂದು ಮಾತು ಹೇಳಿ. ನಾನು ಹೇಳಿದ್ರೆ ಅವ್ರು ನಂಬಲ್ಲ."

ವಿಷಯ ತಿಳಿಸಿದಾಗ ಮೇಷ್ಟ್ರೂ ಬರುತ್ತೇನೆ ಎಂದರು. ಡಾಕ್ಟರ ಹತ್ತಿರ ಚೀಟಿ ಬರೆಸಿಕೊಂಡು, ಇಂಥವನನ್ನು ಕೆಲಸದಿಂದ ತೆಗೆಯುವುದು ಅನ್ಯಾಯ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತೇನೆ ಎಂದರು. ನಾನು ಮತ್ತೆ ನಂಬಿದೆ. ಎರಡನೇ ಸಲ ನಂಬಿದವನನ್ನು ಏನೆಂದು ಕರೆಯಬೇಕೋ ನೀವೇ ಕರೆಯಿರಿ. ಮಾಲೀಕರ ಆಫೀಸು ಅಡಿಕೆ ಮಂಡಿಯ ಮೇಲಿನ ಮಹಡಿಯಲ್ಲಿತ್ತು. ಹತ್ತು ಗಂಟೆಗೆ ಎಂದದ್ದು, ಹನ್ನೊಂದೂವರೆಯವರೆಗೆ ನಾವಿಬ್ಬರೂ ಮೆಟ್ಟಿಲಿನ ಕೆಳಗೆ ಕಾದೆವು. ಬಾಳಗಡಿಯಿಂದ ಬಂದ ಕಾಲೇಜಿನ ಜವಾನ, ಮೇಷ್ಟ್ರು ಬೆಳಿಗ್ಗೆ ಮೊದಲ ಬಸ್ಸಿಗೇ ಚಿಕ್ಕಮಗಳೂರಿಗೆ ಹೋದರು, ಆ ಅಧಿಕಾರಿ ಕರೆಸಿದ್ದಾರಂತೆ ಎಂದ.

"ನೀವಿದ್ದೀರಲ್ಲ, ಬನ್ನಿ," ಎಂದು ಏಜೆಂಟ್ ಮೆಟ್ಟಿಲು ಹತ್ತಿದ.

ಒಳಗೆ ಮೂವರು ಮಾಲೀಕರಿದ್ದರು. ನಡುವೆ ಕೂತಿದ್ದವರ ಮನೆಯ ಮದುವೆಗಳಿಗೆಲ್ಲ ನನ್ನದೇ ಮೈಕ್. ಅವರ ನೆಂಟರಿಷ್ಟರು ಕೊಪ್ಪದಿಂದ ನರಸಿಂಹರಾಜಪುರದವರೆಗೆ ಹರಡಿಕೊಂಡಿದ್ದರು, ಅವರೆಲ್ಲರಿಗೂ ನನ್ನನ್ನು ಹೇಳಿ ಕಳಿಸುತ್ತಿದ್ದವರು ಅವರೇ. ಏಜೆಂಟ್ ಬಾಗಿಲ ಹತ್ತಿರವೇ ನಿಂತ, ಯಾರೂ ಕೂರು ಎನ್ನಲಿಲ್ಲ. ಅವನು ನಾಲ್ಕು ಮಾತಿನಲ್ಲಿ ತನ್ನದು ಹೇಳಿ ಮುಗಿಸಿ ನನ್ನ ಕಡೆ ನೋಡಿದ.

ನಡುವೆ ಕೂತಿದ್ದ ಮಾಲೀಕರು ಅವನನ್ನು ಬಿಟ್ಟು ನನ್ನ ಕಡೆ ತಿರುಗಿದರು. ನನ್ನನ್ನೇ ಕೇಳಿದರು.

"ನೀವೇನಾ ರೆಕಾರ್ಡ್ ಮಾಡಿದ್ದು? ನಿಮಗೆ ಮೊದ್ಲೇ ಗೊತ್ತಿತ್ತಾ ಇದು? ಗೊತ್ತಿದ್ದೂ ನಮ್ಮನೆ ಒಳಗೆಲ್ಲ ಓಡಾಡ್ಕೊಂಡು, ನಮಗೊಂದು ಮಾತು ಹೇಳ್ಲಿಲ್ವಾ?"

ಹೇಳಬೇಕಾದ ಮಾತು ನನ್ನ ಬಾಯಲ್ಲಿ ಸಿದ್ಧವಿತ್ತು. ಮೆಟ್ಟಿಲ ಕೆಳಗೆ ಒಂದೂವರೆ ಗಂಟೆ ಅದನ್ನೇ ಉರು ಹೊಡೆದಿದ್ದೆ. ಅವರ ಮುಖ ನೋಡಿದೆ. ಮೇಷ್ಟ್ರಿಗಾಗಿ ಪಕ್ಕಕ್ಕೆ ತಿರುಗಿ ನೋಡಿದೆ, ಅವರಿಲ್ಲ ಎಂದು ಗೊತ್ತಿದ್ದೂ.

"ಇಲ್ಲ ಸಾರ್," ಎಂದೆ. "ನಾನು ಬರೀ ಮೈಕಿನವನು. ಹಾರ್ನ್ ಕಟ್ಟಿ ಅಂದ್ರು, ಕಟ್ಟಿದೆ. ಕ್ಯಾಸೆಟ್ಟಲ್ಲಿ ಎಂತ ಇತ್ತು ಅಂತ ನನಗೆ ಗೊತ್ತಿಲ್ಲ."

ಏಜೆಂಟ್ ನನ್ನನ್ನೇ ನೋಡುತ್ತಿದ್ದ. ಮೇಷ್ಟ್ರ ಬಗ್ಗೆ ಇಷ್ಟು ದಿನ ನಾನು ಹೇಳಿದ್ದೆಲ್ಲವನ್ನೂ ಅವನು ಈಗ ನನ್ನ ಬಗ್ಗೆ ಹೇಳಬಹುದಿತ್ತು. ಶಟರ್ ಎಳೆದದ್ದು ಯಾರು, ಮೈಕನ್ನು ಅವನ ಬಾಯಿಯ ಹತ್ತಿರ ಹಿಡಿದದ್ದು ಯಾರು, ನಾನಿದ್ದೀನಿ ಎಂದದ್ದು ಯಾರು. ಒಂದೇ ಮಾತಿಗೆ ನನ್ನ ಅಂಗಡಿ ಅಲ್ಲಿಗೆ ಮುಗಿಯುತ್ತಿತ್ತು.

ಅವನು ಮಾಲೀಕರ ಕಡೆ ತಿರುಗಿದ.

"ಹೌದು ಸಾರ್," ಎಂದ. "ಇವ್ರಿಗೆ ಎಂತದೂ ಗೊತ್ತಿಲ್ಲ. ದಾರಿಯಲ್ಲಿ ಸಿಕ್ಕಿದ್ರು ಅಂತ ನಾನೇ ಕರ್ಕೊಂಡು ಬಂದೆ."

ಆಮೇಲೆ ಬಾಗಿಲು ದಾಟಿ ಕೆಳಗಿಳಿದು ಹೋದ. ನಾನು ಹಿಂದೆ ಹೋಗಲಿಲ್ಲ. ಮಾಲೀಕರು ಕುರ್ಚಿ ತೋರಿಸಿ ಕೂರಿ ಎಂದರು, ಕೂತೆ. ಟೀ ತರಿಸಿದರು, ಗಾಜಿನ ಲೋಟದಲ್ಲಿ. ಕುಡಿದೆ.